ತಯಾರಿಕೆ ನಿಂತ ಸೋಲಾರ್ ಕೈಗಡಿಯಾರದ ರಿಪೇರಿ: ಒಂದು ಸಮಗ್ರ ಮಾರ್ಗದರ್ಶಿ

ಹತ್ತು ಹದಿನೈದು ವರ್ಷ ಕೈಯಲ್ಲಿದ್ದ ಸೋಲಾರ್ ವಾಚು ನಿಂತುಹೋದಾಗ ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಈ ಮಾಡೆಲ್ ಈಗ ಬರೋದಿಲ್ಲ, ಪಾರ್ಟ್ಸ್ ಸಿಗೋದಿಲ್ಲ, ಹೊಸದು ತಗೊಳ್ಳಿ.” ಇದರಲ್ಲಿ ಮೊದಲ ಮಾತು ನಿಜವಿರಬಹುದು, ಉಳಿದೆರಡು ಅದರಿಂದ ತಾನಾಗಿ ಹುಟ್ಟುವುದಿಲ್ಲ. ಮಾಡೆಲ್ ಎಂಬುದು ಕೇಸು, ಡಯಲ್, ಪಟ್ಟಿ, ಬಣ್ಣಗಳು ಸೇರಿದ ಹೊರರೂಪದ ಹೆಸರು. ಒಳಗಿನ ಯಂತ್ರಕ್ಕೆ, ಅಂದರೆ ಮೂವ್‌ಮೆಂಟಿಗೆ, ಕ್ಯಾಲಿಬರ್ ಎಂಬ ಬೇರೆಯದೇ ಸಂಖ್ಯೆ ಇರುತ್ತದೆ, ಮತ್ತು ಒಂದೇ ಕ್ಯಾಲಿಬರ್ ಅನೇಕ ಮಾಡೆಲುಗಳಲ್ಲಿ ವರ್ಷಗಟ್ಟಲೆ ಬಳಕೆಯಾಗಿರುತ್ತದೆ. ಆದ್ದರಿಂದ ಮಾಡೆಲ್ ನಿಂತುಹೋಗಿದ್ದರೂ ಅದರೊಳಗೆ ಕೂರುವ ಸೆಲ್ಲು, ನೀರು ತಡೆಯುವ ರಬ್ಬರ್ ರಿಂಗು, ಕೆಲವೊಮ್ಮೆ ಇಡೀ ಮೂವ್‌ಮೆಂಟ್ ಕೂಡ ಇನ್ನೂ ಸಿಗುವುದುಂಟು. ಇಂಥ ಗಡಿಯಾರವನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ಯಾರಿಗೆ ಕೊಡಬೇಕು, ಏನನ್ನು ಕೇಳಿ ಏನನ್ನು ಒಪ್ಪಬಾರದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಮ್ಮಲ್ಲಿ ಹೆಚ್ಚಾಗಿ ಕಾಣಸಿಗುವ ಸಿಟಿಜನ್ ಇಕೋ-ಡ್ರೈವ್, ಸೀಕೋ ಸೋಲಾರ್, ಕ್ಯಾಸಿಯೋ ಟಫ್ ಸೋಲಾರ್ ಈ ಮೂರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಒಳಗೆ ಏನಿದೆ, ಯಾವುದು ಸವೆಯುತ್ತದೆ

ಬೆಳಕಿನಿಂದ ನಡೆಯುವ ಮುಳ್ಳಿನ ಕ್ವಾರ್ಟ್ಜ್ ಗಡಿಯಾರವನ್ನು ಸಿಟಿಜನ್ ಕಂಪನಿ 1976ರಲ್ಲಿ ಕ್ರಿಸ್ಟ್ರಾನ್ ಸೋಲಾರ್ ಸೆಲ್ ಎಂಬ ಹೆಸರಿನಲ್ಲಿ ಹೊರತಂದಿತು. ಅದರಲ್ಲಿ ಸೌರಫಲಕಗಳು ಡಯಲಿನ ಮೇಲೆಯೇ ಕಾಣುವಂತಿದ್ದವು. 1990ರ ದಶಕದ ನಡುವಿನಲ್ಲಿ ಬಂದ ಇಕೋ-ಡ್ರೈವ್ ಗಡಿಯಾರಗಳಲ್ಲಿ ಫಲಕವು ಡಯಲಿನ ಕೆಳಗೆ ಅಡಗಿತು. ಡಯಲನ್ನು ಬೆಳಕು ಹಾಯುವಂಥ ವಸ್ತುವಿನಿಂದ ಮಾಡಿ, ಅದರ ಮೂಲಕ ಇಳಿದ ಬೆಳಕಿನಿಂದ ವಿದ್ಯುತ್ ತಯಾರಿಸುವ ವ್ಯವಸ್ಥೆ ಇದು. ಇಂದಿನ ಬಹುತೇಕ ಸೋಲಾರ್ ವಾಚುಗಳ ರಚನೆ ಈ ಬಗೆಯದೇ. ಫಲಕದಲ್ಲಿ ಹುಟ್ಟಿದ ವಿದ್ಯುತ್ತು ಒಂದು ಚಿಕ್ಕ ರೀಚಾರ್ಜ್ ಸೆಲ್ಲಿನಲ್ಲಿ ಶೇಖರವಾಗುತ್ತದೆ. ಆ ಸೆಲ್ಲು ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಜ್ ಹರಳನ್ನೂ ಅದರ ಸರ್ಕಿಟ್ಟನ್ನೂ ಮುಳ್ಳು ತಿರುಗಿಸುವ ಪುಟ್ಟ ಮೋಟಾರನ್ನೂ ನಡೆಸುತ್ತದೆ. ಸೆಲ್ಲು ತುಂಬಿದ ಮೇಲೆ ಹೆಚ್ಚುವರಿ ಚಾರ್ಜು ಹೋಗದಂತೆ ತಡೆಯುವ ಏರ್ಪಾಡೂ ಸರ್ಕಿಟ್ಟಿನಲ್ಲೇ ಇರುತ್ತದೆ.

ಈ ಸರಪಳಿಯಲ್ಲಿ ವಯಸ್ಸಾಗುವುದು ಮುಖ್ಯವಾಗಿ ಸೆಲ್ಲಿಗೆ. ಡಯಲಿನ ಕೆಳಗಿನ ಅಮಾರ್ಫಸ್ ಸಿಲಿಕಾನ್ ಫಲಕ, ನೀರು ಒಳಸೇರದಿದ್ದರೆ, ದಶಕಗಳ ಕಾಲ ಕೆಲಸ ಮಾಡುತ್ತದೆ. ಆದರೆ ಸೆಲ್ಲು ಪೂರ್ತಿ ಬರಿದಾದ ಸ್ಥಿತಿಯಲ್ಲಿ ಬೀರುವಿನ ಕತ್ತಲಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದರೆ ಚಾರ್ಜು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದಿನವೂ ಕಟ್ಟಿಕೊಂಡ ವಾಚಿಗಿಂತ ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟ ವಾಚೇ ಮೊದಲು ಕೆಡುವುದಕ್ಕೆ ಇದೇ ಕಾರಣ. ನಿಂತ ಸೋಲಾರ್ ವಾಚನ್ನು ನೋಡುವ ಯಾರೇ ಆಗಲಿ ಮೊದಲು ಸೆಲ್ಲನ್ನು ಅನುಮಾನಿಸಬೇಕು. ಸೆಲ್ಲಿನ ಪರೀಕ್ಷೆ ಮುಗಿಯುವ ತನಕ “ಮಷೀನ್ ಹೋಗಿದೆ” ಎಂಬ ತೀರ್ಪನ್ನು ಒಪ್ಪಬಾರದು.

ಮೊದಲ ಹೆಜ್ಜೆ: ತೆರೆಯುವ ಮುನ್ನ ಸರಿಯಾಗಿ ಚಾರ್ಜು ಮಾಡುವುದು

ಅಂಗಡಿಗೆ ಹೋಗುವ ಮೊದಲು ಗಡಿಯಾರಕ್ಕೆ ನಿಜವಾದ ಬೆಳಕನ್ನು ಕೊಟ್ಟು ನೋಡಬೇಕು. ಮನೆಯ ದೀಪದಡಿ ಒಂದು ಸಂಜೆ ಇಟ್ಟದ್ದು ಚಾರ್ಜು ಮಾಡಿದಂತೆ ಆಗುವುದಿಲ್ಲ. ಸಿಟಿಜನ್ ಕೈಪಿಡಿಗಳು ಕೊಡುವ ಅಳತೆಗಳನ್ನು ನೋಡಿದರೆ ವ್ಯತ್ಯಾಸ ಎಷ್ಟೆಂಬುದು ಮನವರಿಕೆಯಾಗುತ್ತದೆ: ಸಾಮಾನ್ಯ ಕಚೇರಿಯ ಒಳಗಿನ ಬೆಳಕು ಸುಮಾರು 500 ಲಕ್ಸ್, ಟ್ಯೂಬ್‌ಲೈಟಿನಿಂದ 60–70 ಸೆಂಟಿಮೀಟರ್ ದೂರದಲ್ಲಿ 1,000 ಲಕ್ಸ್, 20 ಸೆಂಟಿಮೀಟರ್ ದೂರದಲ್ಲಿ 3,000 ಲಕ್ಸ್, ಆದರೆ ಮೋಡ ಕವಿದ ದಿನವೂ ಹೊರಗೆ 10,000 ಲಕ್ಸ್ ಇರುತ್ತದೆ, ಬೇಸಿಗೆಯ ನೇರ ಬಿಸಿಲಿನಲ್ಲಿ 1,00,000 ಲಕ್ಸ್. ಅಂದರೆ ಮಳೆಗಾಲದ ಮಧ್ಯಾಹ್ನ ಕಿಟಕಿಯ ಹೊರಕಟ್ಟೆಯಲ್ಲಿ ಸಿಗುವ ಬೆಳಕು ಕೋಣೆಯೊಳಗಿನ ದೀಪದ ಬೆಳಕಿಗಿಂತ ಅನೇಕ ಪಟ್ಟು ಹೆಚ್ಚು. ಮೂರು ನಾಲ್ಕು ದಿನ, ಹಗಲಿನ ಹೆಚ್ಚಿನ ಹೊತ್ತು, ಡಯಲ್ ಆಕಾಶಕ್ಕೆ ಮುಖ ಮಾಡಿರುವಂತೆ ಇಡುವುದು ಒಳ್ಳೆಯದು.

ಬಿಸಿಲು ಬೇಕು, ಬಿಸಿ ಬೇಡ. 60 ಡಿಗ್ರಿ ಸೆಲ್ಸಿಯಸ್ ಮೀರುವ ಜಾಗದಲ್ಲಿ ಚಾರ್ಜು ಮಾಡಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಕಾರಿನ ಡ್ಯಾಶ್‌ಬೋರ್ಡ್ ಮತ್ತು ಏಪ್ರಿಲ್ ತಿಂಗಳ ಆರ್‌ಸಿಸಿ ತಾರಸಿ ಎರಡೂ ಸುಲಭವಾಗಿ ಆ ಮಟ್ಟಕ್ಕೆ ಹತ್ತಿರವಾಗುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಗಿನ ಎಳೆಬಿಸಿಲೇ ಸಾಕು. ಹಳೆಯ ಕಾಲದ ಹಳದಿ ಬಲ್ಬಿಗೆ ಅಂಟಿಸಿಟ್ಟು ಚಾರ್ಜು ಮಾಡುವುದೂ ಇದೇ ಕಾರಣಕ್ಕೆ ಸಲ್ಲದು. ಎಲ್‌ಇಡಿ ದೀಪದ ಹತ್ತಿರ ಇಟ್ಟರೆ ಬಿಸಿಯ ಭಯ ಕಡಿಮೆ.

ಚಾರ್ಜು ಆಗುತ್ತಿರುವಾಗ ಗಡಿಯಾರ ತಾನೇ ಕೊಡುವ ಸೂಚನೆಗಳನ್ನು ಓದಬೇಕು. ಸಿಟಿಜನ್ ಮತ್ತು ಸೀಕೋ ವಾಚುಗಳಲ್ಲಿ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡಿಗೊಮ್ಮೆ ಜಿಗಿಯುತ್ತಿದ್ದರೆ ಅದು ಕೆಟ್ಟಿದೆಯೆಂದಲ್ಲ, ಚಾರ್ಜು ಕಡಿಮೆಯಿದೆ ಎಂಬ ಸೂಚನೆ. ಸಿಟಿಜನ್‌ನಲ್ಲಿ ಆ ಜಿಗಿತ ಸಮಾನ ಅಂತರದ್ದಲ್ಲದೆ ಅಡ್ಡಾದಿಡ್ಡಿಯಾಗಿದ್ದರೆ, ವಾಚು ಒಮ್ಮೆ ನಿಂತು ಮತ್ತೆ ಜೀವ ಹಿಡಿದಿದೆ, ಸಮಯವನ್ನು ಹೊಸದಾಗಿ ಹೊಂದಿಸಬೇಕು ಎಂದರ್ಥ. ಕೀಲಿಯನ್ನು ಎಳೆದು ಸಮಯ ಕೂರಿಸಿದರೆ ಮುಳ್ಳು ಸಹಜ ನಡೆಗೆ ಬರುತ್ತದೆ. ಇಷ್ಟು ಚಿಕ್ಕ ಸಂಗತಿ ತಿಳಿಯದೆ ರಿಪೇರಿಗೆ ಹೋಗುವ ಸಿಟಿಜನ್ ವಾಚುಗಳು ಬಹಳ. ಪವರ್ ಸೇವ್ ಇರುವ ಕೆಲವು ಮಾಡೆಲುಗಳು ಕತ್ತಲಲ್ಲಿ ಸೆಕೆಂಡ್ ಮುಳ್ಳನ್ನು 12ರ ಬಳಿ ನಿಲ್ಲಿಸಿಕೊಂಡು ಮಲಗಿರುತ್ತವೆ, ಬೆಳಕು ಬಿದ್ದೊಡನೆ ಏಳುತ್ತವೆ. ಕ್ಯಾಸಿಯೋದ ಡಿಜಿಟಲ್ ವಾಚುಗಳಲ್ಲಿ ಚಾರ್ಜಿನ ಮಟ್ಟವನ್ನು ಎಚ್, ಎಂ, ಎಲ್ ಎಂಬ ಅಕ್ಷರಗಳು ತೋರಿಸುತ್ತವೆ. ದೀಪವನ್ನೂ ಅಲಾರಮ್ಮನ್ನೂ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮತ್ತೆ ಬಳಸಿದರೆ ಚಾರ್ಜು ತಾತ್ಕಾಲಿಕವಾಗಿ ಕುಸಿದು ಚೇತರಿಕೆಯ ಸೂಚನೆ ಮಿನುಗುವುದೂ ಸಹಜವೇ.

ಇದಾದ ಮೇಲೆ ಕತ್ತಲ ಪರೀಕ್ಷೆ. ಚೆನ್ನಾಗಿ ಚಾರ್ಜಾದ ವಾಚನ್ನು ಸರಿಯಾದ ಸಮಯಕ್ಕೆ ಹೊಂದಿಸಿ ಡ್ರಾಯರಿನಲ್ಲಿಟ್ಟು ದಿನಕ್ಕೊಮ್ಮೆ ನೋಡಿ. ಸಾಮಾನ್ಯ ಮೂರು ಮುಳ್ಳಿನ ಇಕೋ-ಡ್ರೈವ್ ಪೂರ್ತಿ ಚಾರ್ಜಿನಲ್ಲಿ ಸುಮಾರು 6 ತಿಂಗಳು ನಡೆಯುವಂತೆ ರಚನೆಯಾಗಿರುತ್ತದೆ. ಬೆಳಕಿನಲ್ಲಿ ಚೆನ್ನಾಗಿ ನಡೆದು ಕತ್ತಲಲ್ಲಿ ಒಂದೆರಡು ದಿನಕ್ಕೇ ನಿಲ್ಲುವ ವಾಚಿನಲ್ಲಿ ಫಲಕ, ಸರ್ಕಿಟ್, ಮೋಟಾರ್ ಮೂರೂ ಸರಿಯಾಗಿವೆ, ಸೆಲ್ಲು ಮಾತ್ರ ಸೋತಿದೆ ಎಂಬ ತೀರ್ಮಾನಕ್ಕೆ ಧೈರ್ಯವಾಗಿ ಬರಬಹುದು. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆಯ ಫಲಿತಾಂಶವನ್ನು ಬರೆದಿಟ್ಟುಕೊಂಡರೆ ಮುಂದೆ ಯಾವ ಅಂಗಡಿಯಲ್ಲೂ ನಿಮ್ಮ ಮಾತಿಗೆ ಆಧಾರವಿರುತ್ತದೆ. ಬೆಳಕಿನಲ್ಲೂ ಅಲುಗದ ವಾಚಿನ ವಿಷಯ ಬೇರೆ. ಅದರಲ್ಲಿ ಸೆಲ್ಲು ಪೂರ್ತಿ ಸತ್ತಿರಬಹುದು, ಬೇರೆ ದೋಷವೂ ಇರಬಹುದು, ಅದನ್ನು ತೆರೆದೇ ನೋಡಬೇಕು.

ಎರಡನೆಯ ಹೆಜ್ಜೆ: ಹಿಂಬದಿ ಮುಚ್ಚಳವನ್ನು ಓದುವುದು

ಭೂತಗನ್ನಡಿ ಹಿಡಿದು ಹಿಂಬದಿಯ ಬರಹವನ್ನೆಲ್ಲ ಬರೆದುಕೊಳ್ಳಿ, ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆಯಿರಿ. ಬೆವರಿನಿಂದ ಅಕ್ಷರ ಮಾಸಿದ್ದರೆ ಹದವಾದ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಸಾಮಾನ್ಯವಾಗಿ ಕಾಣುತ್ತದೆ. ಸಿಟಿಜನ್ ವಾಚಿನಲ್ಲಿ ಅಡ್ಡಗೆರೆಯ ಮೊದಲು ಬರುವ ನಾಲ್ಕು ಅಂಕಿ-ಅಕ್ಷರಗಳು ಕ್ಯಾಲಿಬರ್. ಇ168, ಜೆ810, ಎಚ್500 ಇವೆಲ್ಲ ಆ ಬಗೆಯವು. ಸೀಕೋದಲ್ಲೂ ಅದೇ ಕ್ರಮ: ವಿ175 ಎಂದು ಆರಂಭವಾದರೆ ಅದು ಸೋಲಾರ್ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಸೌಲಭ್ಯವಿರುವ ವಾಚು), ವಿ158 ಎಂದಿದ್ದರೆ ದಿನಾಂಕ-ವಾರ ತೋರಿಸುವ ಮೂರು ಮುಳ್ಳಿನದು, ಅಡ್ಡಗೆರೆಯ ನಂತರದ್ದು ಕೇಸಿನ ಸಂಖ್ಯೆ. ಕ್ಯಾಸಿಯೋದಲ್ಲಿ ಚಿಕ್ಕ ಚೌಕದೊಳಗೆ ನಾಲ್ಕು ಅಂಕಿಯ ಮಾಡ್ಯೂಲ್ ಸಂಖ್ಯೆ ಇರುತ್ತದೆ. ಜಿಡಬ್ಲ್ಯೂ-ಎಂ5610 ಎಂಬ ಜನಪ್ರಿಯ ಜಿ-ಶಾಕ್ ಮಾಡೆಲಿನ ಹಳೆಯ ಪ್ರತಿಗಳಲ್ಲಿ ಅದು 3159, ಹೊಸವುಗಳಲ್ಲಿ 3495. ಹೊರರೂಪ ಒಂದೇ ಆದರೂ ಒಳಯಂತ್ರ ಬದಲಾಗಿರಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಕ್ರಮಸಂಖ್ಯೆಯಿಂದ ವಾಚಿನ ವಯಸ್ಸೂ ತಿಳಿಯುತ್ತದೆ. ಸೀಕೋದಲ್ಲಿ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರಿಗೆ 0, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. ಸಿಟಿಜನ್‌ನಲ್ಲಿ ಮೊದಲ ಅಂಕಿ ವರ್ಷ, ನಂತರದ ಎರಡು ತಿಂಗಳು. ದಶಕ ಯಾವುದೆಂಬುದನ್ನು ಮಾತ್ರ ನೀವು ಕೊಂಡ ಕಾಲದಿಂದ ಊಹಿಸಿಕೊಳ್ಳಬೇಕು.

ಕ್ಯಾಲಿಬರ್ ಸಂಖ್ಯೆ ಸಿಕ್ಕ ಮೇಲೆ ಆ ಸಂಖ್ಯೆಯ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಿ. ಮಾಡೆಲ್ ನಿಂತು ಎಷ್ಟೋ ವರ್ಷವಾದರೂ ಕೈಪಿಡಿಗಳು ಸಾಮಾನ್ಯವಾಗಿ ಉಳಿದಿರುತ್ತವೆ.

ಮೂರನೆಯ ಹೆಜ್ಜೆ: ತಯಾರಕರ ಸರ್ವಿಸ್ ಕೇಂದ್ರವನ್ನು ಕೇಳುವ ಬಗೆ

ಮೊದಲು ಅಧಿಕೃತ ಕೇಂದ್ರವನ್ನೇ ಕೇಳುವುದು ನ್ಯಾಯ. ತಯಾರಿಕೆ ನಿಂತ ನಂತರ ಬಿಡಿಭಾಗಗಳನ್ನು ಸಾಮಾನ್ಯವಾಗಿ 7 ವರ್ಷ ಇಟ್ಟಿರುವುದಾಗಿ ಸೀಕೋ ತನ್ನ ಕೈಪಿಡಿಗಳಲ್ಲಿ ಹೇಳುತ್ತದೆ. ಆ ಅವಧಿ ಮುಗಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ, ಏಕೆಂದರೆ ಸೆಲ್ಲಿನಂಥ ಭಾಗಗಳು ಈಗಲೂ ತಯಾರಾಗುತ್ತಿರುವ ಬೇರೆ ಮಾಡೆಲುಗಳಿಗೂ ಬೇಕಾಗುತ್ತವೆ.

ಕೌಂಟರಿನಲ್ಲಿ ಬಾಯಿಮಾತಿನ ವಿಚಾರಣೆಗಿಂತ ಇಮೇಲ್ ಮೇಲು. ಮಾಡೆಲ್ ಸಂಖ್ಯೆ, ಕ್ಯಾಲಿಬರ್, ಕೇಸ್ ಸಂಖ್ಯೆ, ಕ್ರಮಸಂಖ್ಯೆ, ಹಿಂಬದಿಯ ಫೋಟೊ, ಚಾರ್ಜು ಮತ್ತು ಕತ್ತಲ ಪರೀಕ್ಷೆಯಲ್ಲಿ ಕಂಡದ್ದು ಇಷ್ಟನ್ನು ಬರೆದು, ಕೇಳಬೇಕಾದ್ದನ್ನು ಬಿಡಿಬಿಡಿಯಾಗಿ ಕೇಳಿ: ಈ ಕ್ಯಾಲಿಬರಿನ ರೀಚಾರ್ಜ್ ಸೆಲ್ಲು ಲಭ್ಯವಿದೆಯೇ? ರಬ್ಬರ್ ರಿಂಗು ಲಭ್ಯವಿದೆಯೇ? ಸರ್ಕಿಟ್ ಅಥವಾ ಇಡೀ ಮೂವ್‌ಮೆಂಟ್ ಲಭ್ಯವಿದೆಯೇ? “ಬಿಡಿಭಾಗ ಸಿಗುವುದಿಲ್ಲ” ಎಂಬ ಉತ್ತರ ಬಂದರೆ ಯಾವ ಬಿಡಿಭಾಗ ಎಂದು ಮತ್ತೆ ಕೇಳಿ. ಡಯಲೋ ಗಾಜೋ ಸಿಗುವುದಿಲ್ಲ ಎಂಬ ಕಾರಣಕ್ಕೆ ಇಡೀ ವಾಚನ್ನೇ ರಿಪೇರಿಯಾಗದ ಪಟ್ಟಿಗೆ ಸೇರಿಸಿರುವುದುಂಟು, ನಿಮಗೆ ಬೇಕಾದದ್ದು ಸೆಲ್ಲು ಮಾತ್ರವೇ ಆಗಿದ್ದರೂ.

ವಾಚನ್ನು ಒಪ್ಪಿಸುವಾಗ ಮೂರು ಸಂಗತಿಗಳನ್ನು ರಸೀದಿಯಲ್ಲೇ ಬರೆಸಬೇಕು. ಅಂದಾಜು ವೆಚ್ಚಕ್ಕೆ ನಿಮ್ಮ ಒಪ್ಪಿಗೆ ಬರುವ ತನಕ ಕೆಲಸ ಆರಂಭಿಸಬಾರದು. ತೆಗೆದ ಭಾಗಗಳನ್ನು ಮರಳಿ ಕೊಡಬೇಕು. ಡಯಲ್, ಮುಳ್ಳು, ಕೇಸನ್ನು ಕೇಳದೆ ಬದಲಿಸುವುದಾಗಲಿ ಪಾಲಿಶ್ ಮಾಡುವುದಾಗಲಿ ಕೂಡದು. ಮೂಲ ಭಾಗ ಸಿಗದಿದ್ದರೆ ನೋಟದಲ್ಲಿ ಬೇರೆಯಾದ ಬದಲಿ ಭಾಗ ಹಾಕುವ ಅವಕಾಶವನ್ನು ಕಂಪನಿಗಳು ತಮ್ಮ ಷರತ್ತುಗಳಲ್ಲಿ ಇಟ್ಟುಕೊಂಡಿರುತ್ತವೆ. ಅಪ್ಪನೋ ಅಣ್ಣನೋ ಕೊಟ್ಟ ವಾಚಿಗೆ ಹೊಸ ಡಯಲ್ ಬಂದು ಕೂತರೆ ಆಗುವ ನಷ್ಟವನ್ನು ಆಮೇಲೆ ಯಾರೂ ತುಂಬಿಕೊಡಲಾರರು. ಊರಿನಲ್ಲಿ ಕೇಂದ್ರವಿಲ್ಲದೆ ಕೊರಿಯರ್ ಮಾಡಬೇಕಾದರೆ ವಿಮೆ ಮಾಡಿಸಿ, ಚೈನು ಗಾಜಿಗೆ ತಾಗದಂತೆ ನಡುವೆ ಬಟ್ಟೆ ಇಟ್ಟು, ಪ್ಯಾಕ್ ಮಾಡುವ ಮುನ್ನಿನ ಸ್ಥಿತಿಯ ಫೋಟೊ ತೆಗೆದಿಡಿ. ಹಣ ಪಡೆದೂ ಕೆಲಸ ಮಾಡದ ಪ್ರಸಂಗ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಾಲ್ಕನೆಯ ಹೆಜ್ಜೆ: ಹೊರಗಿನ ರಿಪೇರಿಗಾರರನ್ನು ಆರಿಸುವುದು

ಈ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಎಚ್‌ಎಂಟಿ ತನ್ನ ಮೊದಲ ಕೈಗಡಿಯಾರ ಕಾರ್ಖಾನೆಯನ್ನು 1961ರಲ್ಲಿ ಇಲ್ಲಿ ಆರಂಭಿಸಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲೇ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕೈಗಡಿಯಾರ ವಿಭಾಗ 2016ರಲ್ಲಿ ಮುಚ್ಚುವ ನಿರ್ಧಾರವಾದರೂ ಆ ಪರಂಪರೆಯಲ್ಲಿ ಕೈ ಪಳಗಿದವರು ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸುತ್ತಮುತ್ತಲಿನ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತಾರೆ. ಆದರೆ ಕೀಲಿ ಕೊಡುವ ವಾಚಿನಲ್ಲಿ ನಿಪುಣರಾದವರೆಲ್ಲರೂ ಸೋಲಾರ್ ಸರ್ಕಿಟ್ಟನ್ನು ಬಲ್ಲವರೆಂದು ತಿಳಿಯಬಾರದು. ಇದು ಅವರ ಕೌಶಲವನ್ನು ಕಡೆಗಣಿಸುವ ಮಾತಲ್ಲ. ಎರಡೂ ಬೇರೆ ಬೇರೆ ವಿದ್ಯೆಗಳು.

ಅಂಗಡಿಯಲ್ಲಿ ನೇರವಾಗಿ ಹೀಗೆ ಹೇಳಬಹುದು: “ಇದು ಸೋಲಾರ್ ವಾಚು ಸಾರ್, ಚಾರ್ಜ್ ಆಗೋ ಸೆಲ್ಲೇ ಬೇಕು, ಮಾಮೂಲಿ ಸೆಲ್ ಹಾಕೋದು ಬೇಡ. ಹಳೇ ಸೆಲ್ಲಿನ ಮೇಲೆ ಇರೋ ನಂಬರ್ ನನ್ನ ಎದುರಿಗೇ ನೋಡಿಬಿಡಿ.” ಈ ಮಾತಿಗೆ “ಯಾವ ಸೆಲ್ ಹಾಕಿದರೂ ಓಡುತ್ತೆ” ಎಂಬ ಉತ್ತರ ಬಂದರೆ ವಾಚನ್ನು ವಿನಯದಿಂದ ಹಿಂದಕ್ಕೆ ಪಡೆದು ಬನ್ನಿ. ಮುಚ್ಚಳ ತೆರೆದು ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಅಳೆದು ತೋರಿಸುವವರು, ಸೆಲ್ಲಿನ ಸೀಲ್ ಮಾಡಿದ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆಯುವವರು, ರಬ್ಬರ್ ರಿಂಗನ್ನು ತಾವಾಗಿಯೇ ಪರೀಕ್ಷಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ. ನಾಲ್ಕು ಕಾಸು ಹೆಚ್ಚಾದರೂ ಸರಿ.

ಐದನೆಯ ಹೆಜ್ಜೆ: ಸರಿಯಾದ ಸೆಲ್ಲು

ಇಡೀ ರಿಪೇರಿಯ ಕೇಂದ್ರ ಇದೇ ಆದ್ದರಿಂದ ಇಲ್ಲಿ ಆತುರ ಬೇಡ. ಸಿಟಿಜನ್‌ನ ಅನೇಕ ಕ್ಯಾಲಿಬರುಗಳಲ್ಲಿ ಎಂಟಿ621 ಅಥವಾ ಎಂಟಿ920 ಎಂಬ ರೀಚಾರ್ಜ್ ಸೆಲ್ಲುಗಳಿರುತ್ತವೆ. ಇವು ಪ್ಯಾನಾಸೋನಿಕ್‌ನ ಟೈಟಾನಿಯಂ-ಲಿಥಿಯಂ ಜಾತಿಯವು, ಇವುಗಳ ಹೆಸರಿನ ವೋಲ್ಟೇಜ್ 1.5. ಕ್ಯಾಸಿಯೋದ ಅನೇಕ ಜಿ-ಶಾಕ್‌ಗಳಲ್ಲಿ ಸಿಟಿಎಲ್1616 ಇರುತ್ತದೆ, ಅದರ ವೋಲ್ಟೇಜ್ 2.3. ತೊಂದರೆ ಏನೆಂದರೆ, ಇವುಗಳ ಅಳತೆಗೆ ಸರಿಸಮನಾದ, ಆದರೆ ರೀಚಾರ್ಜ್ ಆಗದ ಸೆಲ್ಲುಗಳು ಪ್ರತಿ ವಾಚ್ ಅಂಗಡಿಯಲ್ಲೂ ಇರುತ್ತವೆ. ಎಂಟಿ621 ಇರುವ ಗುಳಿಯಲ್ಲಿ 364 ಎಂದು ಕರೆಯುವ ಎಸ್‌ಆರ್621 ಸಿಲ್ವರ್ ಆಕ್ಸೈಡ್ ಸೆಲ್ಲು ಸಲೀಸಾಗಿ ಕೂರುತ್ತದೆ; ಎರಡರ ವ್ಯಾಸವೂ 6.8 ಮಿಲಿಮೀಟರ್. ಸಿಟಿಎಲ್1616 ಜಾಗದಲ್ಲಿ ಸಿಆರ್1616 ಕೂರುತ್ತದೆ. ಎರಡೂ 16 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ. ಹಾಕಿದ ದಿನ ವಾಚು ನಡೆಯುವುದರಿಂದ ಗಿರಾಕಿಗೂ ಅಂಗಡಿಯವರಿಗೂ ಸಮಾಧಾನವಾಗುತ್ತದೆ. ಆದರೆ ಬೆಳಕು ಬಿದ್ದಾಗಲೆಲ್ಲ ಫಲಕವು ಆ ಸೆಲ್ಲಿಗೆ ಚಾರ್ಜು ತುಂಬಲು ಯತ್ನಿಸುತ್ತದೆ. ಚಾರ್ಜು ಸ್ವೀಕರಿಸಲೆಂದು ಮಾಡಿರದ ಸೆಲ್ಲು ಉಬ್ಬಬಹುದು, ಸೋರಬಹುದು, ಸೋರಿದ ರಸ ಸರ್ಕಿಟ್ಟನ್ನೂ ಮೋಟಾರಿನ ತಂತಿಸುರುಳಿಯನ್ನೂ ತಿಂದುಹಾಕಬಹುದು. ಸಿಆರ್1616ರ ವೋಲ್ಟೇಜ್ 3 ಎಂಬುದನ್ನೂ ನೆನಪಿಡಬೇಕು. ಸುಲಭವಾಗಿ ಉಳಿಸಬಹುದಾದ ಗಡಿಯಾರವನ್ನು ಉಳಿಸಲಾಗದಂತೆ ಮಾಡುವುದು ಹೆಚ್ಚಾಗಿ ಇದೊಂದೇ ಬದಲಾವಣೆ.

ಎರಡನೆಯ ಎಚ್ಚರಿಕೆ ಲೋಹದ ಪಟ್ಟಿಗಳದು. ಸಿಟಿಜನ್, ಸೀಕೋ ಸೆಲ್ಲುಗಳ ಮೇಲೆ ತೆಳುವಾದ ಲೋಹದ ಕಿವಿಯೊಂದನ್ನು ಕಾರ್ಖಾನೆಯಲ್ಲೇ ವೆಲ್ಡ್ ಮಾಡಿರುತ್ತಾರೆ. ಅದರ ಆಕಾರ ಕ್ಯಾಲಿಬರಿನಿಂದ ಕ್ಯಾಲಿಬರಿಗೆ ಬೇರೆ. ಬರಿಯ ಎಂಟಿ621 ತಂದು ಅದಕ್ಕೆ ಬೆಸುಗೆ ಹಾಕುವುದು ತಪ್ಪು, ಏಕೆಂದರೆ ಬೆಸುಗೆ ಕಡ್ಡಿಯ ಬಿಸಿಯೇ ಸೆಲ್ಲನ್ನು ಕೆಡಿಸುತ್ತದೆ. ತಯಾರಕರ ಭಾಗಸಂಖ್ಯೆಯ ಪ್ರಕಾರ, ಕಿವಿಯ ಸಮೇತ, ಸೀಲ್ ಮಾಡಿದ ಪೊಟ್ಟಣದಲ್ಲಿ ಬರುವ ಸೆಲ್ಲನ್ನೇ ತರಿಸಬೇಕು. ಲಿಥಿಯಂ ಇರುವ ವಸ್ತುಗಳ ವಿಮಾನ ಸಾಗಣೆಗೆ ನಿರ್ಬಂಧಗಳಿರುವುದರಿಂದ ಹೊರದೇಶದ ಕೆಲವು ಮಾರಾಟಗಾರರು ಭಾರತಕ್ಕೆ ಕಳಿಸಲು ಒಪ್ಪುವುದಿಲ್ಲ. ಆದ್ದರಿಂದ ಮೊದಲು ದೇಶದೊಳಗಿನ ಬಿಡಿಭಾಗ ವ್ಯಾಪಾರಿಗಳಲ್ಲಿ ವಿಚಾರಿಸುವುದು ಉತ್ತಮ. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಟೇಪು ಸುತ್ತಿಡಿ. ಗುಂಡಿ ಸೆಲ್ಲನ್ನು ನುಂಗಿದರೆ ಅನ್ನನಾಳ ಸುಡುತ್ತದೆ. ಹಾಗಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆರನೆಯ ಹೆಜ್ಜೆ: ಸ್ವತಃ ಬದಲಿಸುವವರಿಗೆ

ಕೈ ನಡುಗದ, ತಾಳ್ಮೆಯಿರುವ ಯಾರೇ ಆದರೂ ನಾಲ್ಕು ಸ್ಕ್ರೂ ಹಿಂಬದಿಯ ಜಿ-ಶಾಕ್‌ನಲ್ಲಿ ಈ ಕೆಲಸ ಮಾಡಬಹುದು. ಒತ್ತಿ ಮುಚ್ಚುವ ಹಿಂಬದಿಯ ತೆಳು ವಾಚುಗಳನ್ನು ಮಾತ್ರ ಅಂಗಡಿಗೇ ಕೊಡಿ. ಅವನ್ನು ಮತ್ತೆ ಮುಚ್ಚಲು ಸರಿಯಾದ ಅಚ್ಚಿನ ಪ್ರೆಸ್ ಬೇಕು, ಬರಿಗೈಯಲ್ಲಿ ಬಲಹಾಕಿದರೆ ಗಾಜು ಒಡೆಯುತ್ತದೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೆಲ್ಟು ಕಳಚಿ, ತುದಿ ಸವೆಯದ ಸ್ಕ್ರೂಡ್ರೈವರಿನಿಂದ ನಾಲ್ಕೂ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಮುಚ್ಚಳವನ್ನು ನೇರ ಮೇಲಕ್ಕೆ ಎತ್ತಿ. ಅದರಡಿ ಕೂದಲಿನಷ್ಟು ತೆಳುವಾದ ತಂತಿಯ ಪುಟ್ಟ ಸ್ಪ್ರಿಂಗೊಂದು ಮಾಡ್ಯೂಲಿನ ರಂಧ್ರದಲ್ಲಿ ನಿಂತಿರುವುದು ಅನೇಕ ಕ್ಯಾಸಿಯೋಗಳಲ್ಲಿ ಕಾಣುತ್ತದೆ. ಅಲಾರಮ್ಮಿನ ಸದ್ದಿಗೆ ವಿದ್ಯುತ್ತನ್ನು ಮುಚ್ಚಳದವರೆಗೆ ಒಯ್ಯುವುದು ಅದೇ. ಅದು ಹಾರಿ ನೆಲಕ್ಕೆ ಬಿದ್ದರೆ ಹುಡುಕುವುದು ಕಷ್ಟ, ಸಿಗದಿದ್ದರೆ ವಾಚು ನಡೆದರೂ ಬೀಪ್ ಸದ್ದು ಬರುವುದಿಲ್ಲ. ಪ್ರತಿ ಹಂತದಲ್ಲೂ ಫೋನಿನಿಂದ ಒಂದು ಫೋಟೊ ತೆಗೆಯಿರಿ. ಸೆಲ್ಲನ್ನು ಹಿಡಿದ ಲೋಹದ ಕೊಂಡಿಯನ್ನು ಮರದ ಕಡ್ಡಿಯಿಂದ ಬಿಡಿಸಿ, ಹೊಸ ಸೆಲ್ಲನ್ನು ಪ್ಲಾಸ್ಟಿಕ್ ಚಿಮಟದಿಂದ ಇಡಿ. ಬರಿಗೈ ಮುಟ್ಟಿದರೆ ಬೆವರಿನ ಲವಣ ಉಳಿಯುತ್ತದೆ, ಲೋಹದ ಚಿಮಟ ಸೆಲ್ಲಿನ ಎರಡೂ ಮುಖ ಮುಟ್ಟಿದರೆ ಚಾರ್ಜು ಹರಿದುಹೋಗುತ್ತದೆ.

ಈಗ ರೀಸೆಟ್. ಇದನ್ನು ಬಿಟ್ಟರೆ ಹೊಸ ಸೆಲ್ಲು ಹಾಕಿದರೂ ಪರದೆ ಖಾಲಿ ಉಳಿಯಬಹುದು, ಅಥವಾ ಅರ್ಥವಿಲ್ಲದ ಗೆರೆಗಳು ಮೂಡಬಹುದು, ಆಗ “ಸರ್ಕಿಟ್ ಹೋಯಿತು” ಎಂದು ಎದೆಗುಂದುವವರಿದ್ದಾರೆ. ಮಾಡ್ಯೂಲಿನ ಮೇಲೆ ಎಸಿ ಎಂಬ ಎರಡು ಅಕ್ಷರಗಳ ಬಳಿ ಒಂದು ಸ್ಪರ್ಶಬಿಂದು ಇರುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಲೋಹದ ಚಿಮಟ ಬೇಕು: ಅದರ ಒಂದು ತುದಿಯನ್ನು ಆ ಬಿಂದುವಿಗೂ ಇನ್ನೊಂದನ್ನು ಸೆಲ್ಲಿನ ಧನ ಮುಖಕ್ಕೂ ತಾಗಿಸಿ ಸುಮಾರು 2 ಸೆಕೆಂಡ್ ಹಿಡಿದರೆ ಪರದೆ ಹೊಸದಾಗಿ ಬೆಳಗುತ್ತದೆ. ಸಿಟಿಜನ್‌ನ ಬಹುಕಾರ್ಯದ ಮಾಡೆಲುಗಳಲ್ಲಿ ಸೆಲ್ಲು ಬದಲಿಸಿದ ಮೇಲೆ ಕೈಪಿಡಿಯ ಪ್ರಕಾರ ಆಲ್ ರೀಸೆಟ್ ಮಾಡಿ, ಮುಳ್ಳುಗಳ ಮೂಲಸ್ಥಾನವನ್ನು ಹೊಂದಿಸಬೇಕು. ಇಲ್ಲದಿದ್ದರೆ ಕ್ರೋನೋಗ್ರಾಫ್ ಮುಳ್ಳು 12ರ ಬದಲು ಬೇರೆಲ್ಲೋ ಹೋಗಿ ನಿಲ್ಲುತ್ತದೆ.

ಮುಚ್ಚುವ ಮುನ್ನ ರಬ್ಬರ್ ರಿಂಗನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ. ಚಪ್ಪಟೆಯಾಗಿದ್ದರೆ, ಬಿರುಕಿದ್ದರೆ ಬದಲಿಸಿ. ಸರಿಯಿದ್ದರೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ ತೋಡಿನಲ್ಲಿ ಸುರುಳಿಯಿಲ್ಲದಂತೆ ಕೂರಿಸಿ.

ಸೆಲ್ಲು ಬದಲಾದರೂ ನಡೆಯದಿದ್ದರೆ

ಹಳೆಯ ಸೆಲ್ಲು ಸೋರಿದ ಗುರುತು, ಹಸಿರು ಪಾಚಿಯಂಥ ಕಿಲುಬು, ಗಾಜಿನ ಒಳಗೆ ತೇವ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ನೋಡಬೇಕು. ಮಂಗಳೂರು, ಕಾರವಾರದ ಗಾಳಿಯಲ್ಲಿ ಬಳಸಿದ ವಾಚುಗಳಲ್ಲಿ ತೇವದ ಸಾಧ್ಯತೆ ಹೆಚ್ಚು. ರಿಪೇರಿಗಾರರು ಮೋಟಾರಿನ ಸುರುಳಿಯ ರೋಧವನ್ನು ಅಳೆಯಬಲ್ಲರು. ಮೀಟರು ಯಾವ ಸಂಪರ್ಕವನ್ನೂ ತೋರಿಸದಿದ್ದರೆ ಕೂದಲಿಗಿಂತ ತೆಳುವಾದ ಆ ತಂತಿ ತುಂಡಾಗಿದೆ ಎಂದೇ ಅರ್ಥ. ಫಲಕವನ್ನು ಬೆಳಕಿನಲ್ಲಿಟ್ಟು ವೋಲ್ಟೇಜ್ ಬರುತ್ತಿದೆಯೇ ಎಂದು ನೋಡುವುದೂ ಸುಲಭವೇ.

ಈ ಹಂತದಲ್ಲಿ ದಾನಿ ವಾಚನ್ನು ಹುಡುಕುವುದು ಬುದ್ಧಿವಂತಿಕೆ. ನಿಮ್ಮದೇ ಮಾಡೆಲ್ ಬೇಕಿಲ್ಲ, ಅದೇ ಕ್ಯಾಲಿಬರಿನ, ಕೇಸು ಸವೆದ, ಗಾಜು ಒಡೆದ ಯಾವ ಹಳೆಯ ವಾಚಾದರೂ ಆಗುತ್ತದೆ, ನಡೆಯುತ್ತಿರಬೇಕು ಅಷ್ಟೆ. ಮೂವ್‌ಮೆಂಟನ್ನು ಅದರಿಂದ ತೆಗೆದು ನಿಮ್ಮ ಡಯಲ್, ಮುಳ್ಳುಗಳನ್ನು ಅದಕ್ಕೆ ಕೂರಿಸುತ್ತಾರೆ. ಕೊಳ್ಳುವ ಮುನ್ನ ದಿನಾಂಕದ ಕಿಟಕಿ ಒಂದೇ ಸ್ಥಾನದಲ್ಲಿದೆಯೇ, ಕೀಲಿಯ ಸ್ಥಾನ ಒಂದೇ ಆಗಿದೆಯೇ ಎಂಬುದನ್ನು ಫೋಟೊದಲ್ಲೇ ಹೋಲಿಸಿ. ಡಯಲ್ ಮಾತ್ರ ನಿಮ್ಮದೇ ಉಳಿಯಲಿ, ಏಕೆಂದರೆ ಬೇರೆ ಡಯಲ್ ಬೆಳಕನ್ನು ಎಷ್ಟು ಒಳಬಿಡುತ್ತದೆ ಎಂಬುದು ಬೇರೆಯಾಗಿರಬಹುದು. ಪೇಂಟ್ ಮಾಡಿಸಿದ ಡಯಲಂತೂ ಫಲಕವನ್ನು ಕುರುಡು ಮಾಡುತ್ತದೆ.

ದೋಷವಲ್ಲದ್ದನ್ನು ದೋಷವೆಂದು ರಿಪೇರಿಗೆ ಕೊಡುವುದೂ ಉಂಟು. ಅಮೆರಿಕ, ಜರ್ಮನಿ, ಜಪಾನ್‌ಗಳಿಂದ ತಂದ ರೇಡಿಯೋ ನಿಯಂತ್ರಿತ ಸೋಲಾರ್ ವಾಚು ಊರಿಗೆ ಬಂದ ಮೇಲೆ ಸಮಯವನ್ನು ತಾನಾಗಿ ತಿದ್ದಿಕೊಳ್ಳದಿದ್ದರೆ ಅದು ಕೆಟ್ಟಿಲ್ಲ. ಆ ವಾಚುಗಳು ಹಿಡಿಯುವ ದೀರ್ಘತರಂಗದ ಸಮಯಸಂಕೇತವನ್ನು ಭಾರತದಲ್ಲಿ ಪ್ರಸಾರ ಮಾಡುವ ಕೇಂದ್ರವಿಲ್ಲ. ಕೈಯಿಂದ ಸಮಯ ಹೊಂದಿಸಿದರೆ ಸಾಧಾರಣ ಕ್ವಾರ್ಟ್ಜ್ ವಾಚಿನಂತೆ ನಡೆಯುತ್ತದೆ.

ಜಿ-ಶಾಕ್‌ಗಳ ರೆಸಿನ್ ಬೆಜೆಲ್ (ಗಾಜಿನ ಸುತ್ತಲಿನ ಹೊರಚೌಕಟ್ಟು) ಮತ್ತು ಬೆಲ್ಟು ನಮ್ಮ ಸೆಖೆ, ತೇವಕ್ಕೆ ವರ್ಷಗಳ ಮೇಲೆ ಪುಡಿಯಾಗುತ್ತವೆ. ನಿಂತ ಮಾಡೆಲಿಗೆ ಇವು ಸಿಗುವುದು ಯಂತ್ರಕ್ಕಿಂತಲೂ ಕಷ್ಟ. ಯಂತ್ರ ಸರಿಯಾಗುವ ಮೊದಲೇ ಇವಕ್ಕೆ ಹಣ ಹಾಕಬೇಡಿ.

ಮರಳಿ ಪಡೆಯುವಾಗ ಮತ್ತು ನಂತರ

ಕೌಂಟರಿನಲ್ಲೇ ಎಲ್ಲ ಗುಂಡಿಗಳನ್ನೂ ಒತ್ತಿ, ದಿನಾಂಕವನ್ನು ಬದಲಿಸಿ, ಕ್ರೋನೋಗ್ರಾಫ್ ಸೊನ್ನೆಗೆ ಮರಳುವುದೇ ಎಂದು ನೋಡಿ. ಹಳೆಯ ಸೆಲ್ಲನ್ನು ಕೇಳಿ ಪಡೆಯಿರಿ, ಹಾಕಿದ ಸೆಲ್ಲಿನ ಸಂಖ್ಯೆಯನ್ನೂ ತಾರೀಕನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒತ್ತಡ ಪರೀಕ್ಷೆಯ ಯಂತ್ರ ಇರುವ ಕಡೆ ನೀರು ತಡೆಯುವ ಪರೀಕ್ಷೆಯನ್ನೂ ಮಾಡಿಸಿ. ಅದಾಗದಿದ್ದರೆ, ಮುಚ್ಚಳದ ಮೇಲೆ ಎಷ್ಟೇ ಮೀಟರ್ ಎಂದು ಬರೆದಿರಲಿ, ಆ ವಾಚನ್ನು ಕಟ್ಟಿಕೊಂಡು ಈಜಬಾರದು. ಮನೆಗೆ ತಂದು ಪೂರ್ತಿ ಚಾರ್ಜು ಮಾಡಿ, ಮೊದಲ ಕತ್ತಲ ಪರೀಕ್ಷೆಯನ್ನೇ ಮತ್ತೆ ಮಾಡಿ. ಈ ಬಾರಿ ಒಂದು ವಾರವಾದರೂ ಇಡಿ. ವಾರದ ಕೊನೆಗೆ ಸಮಯ ಸರಿಯಿದ್ದು ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತಿದ್ದರೆ ರಿಪೇರಿ ನೆಟ್ಟಗಾಗಿದೆ. ಆಮೇಲೆ ಕಟ್ಟಿಕೊಳ್ಳದ ದಿನಗಳಲ್ಲಿ ಪೆಟ್ಟಿಗೆಗೆ ಬದಲು ಬೆಳಕು ಬೀಳುವ ಶೆಲ್ಫಿನ ಮೇಲಿಡಿ. ಶರ್ಟಿನ ತೋಳಿನಡಿ ಇಡೀ ದಿನ ಅಡಗಿರುವ ವಾಚಿಗೂ ವಾರಕ್ಕೊಮ್ಮೆ ಕಿಟಕಿಯ ಬೆಳಕು ಬೇಕು.

ಮುಂದೆ ಸಿಗದೇ ಹೋದೀತೆಂದು ಈಗಲೇ ಎರಡು ಮೂರು ಸೆಲ್ಲು ಕೊಂಡಿಡುವ ಯೋಚನೆ ಹಲವರಿಗೆ ಬರುತ್ತದೆ. ಅದು ಫಲಿಸುವುದಿಲ್ಲ; ರೀಚಾರ್ಜ್ ಸೆಲ್ಲು ಪೊಟ್ಟಣದಲ್ಲಿದ್ದಾಗಲೂ ನಿಧಾನವಾಗಿ ಬರಿದಾಗುತ್ತದೆ, ಬರಿದಾದ ಸ್ಥಿತಿಯಲ್ಲೇ ಕೆಡುತ್ತದೆ. ಕೂಡಿಡಲು ಯೋಗ್ಯವಾದದ್ದು ಅದೇ ಕ್ಯಾಲಿಬರಿನ ಒಂದು ದಾನಿ ವಾಚು. ಅದು ಸಿಕ್ಕಿದರೆ ಅದನ್ನೂ ನಿಮ್ಮ ವಾಚಿನ ಪಕ್ಕದಲ್ಲಿ ಅದೇ ಬೆಳಕಿನಲ್ಲಿ ನಡೆಯುತ್ತಿರುವಂತೆ ಇಡಿ.